ಮೊದಲನೇ ರ್‍ಯಾಂಕಿಗೆ, ಕುರುಬರಹಳ್ಳಿಯಿಂದ

ಇವರಿಗೆ,
ಶ್ರೀಮಾನ್ ಮೊದಲನೇ ರ್‍ಯಾಂಕ್ ಅವರು,
ಭಾರತ ನಾವೀನ್ಯತಾ ಸೂಚ್ಯಂಕ, ಪಟ್ಟಿಯ ಮೇಲಿನ ಸಾಲು.

ಇವರಿಂದ,
ಲೇತ್ ಅಂಗಡಿಯವನು,
ರಾಜಕಾಲುವೆ ಪಕ್ಕದ ರಸ್ತೆ, ಕುರುಬರಹಳ್ಳಿ, ಬೆಂಗಳೂರು-86.

ವಿಷಯ: ತಾವು ನಮ್ಮ ರಾಜ್ಯಕ್ಕೆ ದಯಮಾಡಿಸಿರುವುದು ನಮ್ಮ ಬೀದಿಗೆ ಇನ್ನೂ ತಿಳಿಯದಿರುವ ಬಗ್ಗೆ.

ಉಲ್ಲೇಖ: ನೀತಿ ಆಯೋಗದ 2019, 2020 ಮತ್ತು 2021ರ ಸೂಚ್ಯಂಕ ವರದಿಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮೊದಲು ಅಭಿನಂದನೆ ಸಲ್ಲಿಸುತ್ತೇನೆ. ಸೂಚ್ಯಂಕದ ಮೂರು ಆವೃತ್ತಿಗಳು ಬಂದವು, ಮೂರರಲ್ಲೂ ದೊಡ್ಡ ರಾಜ್ಯಗಳ ಸಾಲಿನಲ್ಲಿ ತಾವು ಕರ್ನಾಟಕದ ಕೈ ಬಿಡಲಿಲ್ಲ. 2022ರ ಜುಲೈನಲ್ಲಿ ಪ್ರಕಟವಾದ ಮೂರನೆಯ ವರದಿಯಲ್ಲಿ ನಮ್ಮನ್ನು ಏಳು ಕಂಬಗಳಿಗೆ ಕಟ್ಟಿ, 66 ಸೂಚಕಗಳಿಂದ ಅಳೆದು, ನೂರಕ್ಕೆ 18ರ ಆಸುಪಾಸಿನ ಅಂಕ ಕೊಟ್ಟರು. ಅದಕ್ಕೇ ಮೊದಲ ಸ್ಥಾನ! ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 35 ಬಾರದವನು ಹಿಂಬಾಗಿಲಿನಿಂದ ಮನೆ ಸೇರುತ್ತಿದ್ದ. ಈಗ 18ಕ್ಕೆ ಹಾರ, ಶಾಲು, ಪೂರ್ಣಪುಟದ ಜಾಹೀರಾತು. ಉಳಿದ ದೊಡ್ಡ ರಾಜ್ಯಗಳಿಗೆ ಅದಕ್ಕಿಂತ ಕಡಿಮೆ ಬಂದಿತ್ತು ಎಂಬುದು ನಿಜ. ತಮ್ಮ ಕೀರ್ತಿಗೆ ಅಷ್ಟು ಸಾಕು.

ಈ ಪತ್ರ ಬರೆಯಲು ಕಾರಣ ಇಷ್ಟೇ. ತಾವು ವಿಧಾನಸೌಧದಲ್ಲಿದ್ದೀರಿ, ಅರಮನೆ ಮೈದಾನದ ಸಮಾವೇಶಗಳಲ್ಲಿದ್ದೀರಿ, ಪ್ರತಿ ನವೆಂಬರಿನ ಟೆಕ್ ಸಮ್ಮಿಟ್‌ನಲ್ಲಿ ವೇದಿಕೆಯ ಮೇಲೇ ಇರುತ್ತೀರಿ. ಮಹಾಲಕ್ಷ್ಮಿ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ನಮ್ಮ ಕಡೆ ಬಂದದ್ದನ್ನು ಮಾತ್ರ ಯಾರೂ ಕಂಡಿಲ್ಲ. ದಾರಿ ಗೊತ್ತಿಲ್ಲದಿದ್ದರೆ ಹೇಳುತ್ತೇನೆ.

ನಾನಿರುವ ಕಟ್ಟಡಕ್ಕೆ ಮೂರು ಅಂತಸ್ತು. ನೆಲಮಹಡಿಯಲ್ಲಿ ನನ್ನ ಲೇತ್‌ಗಳು. ಅದರಲ್ಲೊಂದು ಎಚ್‌ಎಂಟಿ ಎಲ್‌ಬಿ-17, ಸೆಕೆಂಡ್ ಹ್ಯಾಂಡಾಗಿ ಬಂದದ್ದು. ಅದನ್ನು ಮಾಡಿದ ಕಾರ್ಖಾನೆಯ ಹಣೆಬರಹ ಏನೇನೋ ಆಯಿತು, ಆದರೆ ಅದರ ಬೆಡ್ ಇವತ್ತಿಗೂ ಸೊಟ್ಟಗಾಗಿಲ್ಲ. ಮೊದಲ ಮಹಡಿಯಲ್ಲಿ ಗಾರ್ಮೆಂಟ್ಸಿನವರ ಒಂದು ಸಣ್ಣ ಘಟಕ: ಗುಂಡಿ, ಕಾಜಾ, ದಾರ ಕತ್ತರಿಸುವುದು, ಇಸ್ತ್ರಿ, ಪ್ಯಾಕಿಂಗ್. ಲಗ್ಗೆರೆ ಕಡೆಯಿಂದ ನಡೆದು ಬರುವ ಹೆಣ್ಣುಮಕ್ಕಳು ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ ಹೊತ್ತು ಕೂರುತ್ತಾರೆ. ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಒಬ್ಬ ಹುಡುಗ, ರಾತ್ರಿಯೆಲ್ಲ ಅಮೆರಿಕದ ಯಾವುದೋ ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾನೆ. ಮೂವರದ್ದೂ ಒಂದೇ ಕರೆಂಟು, ಒಂದೇ ನೀರಿನ ಟ್ಯಾಂಕರು, ಒಂದೇ ಟ್ರಾಫಿಕ್ಕು. ಆದರೆ ಒಂದು ಗಂಟೆ ದುಡಿಮೆಗೆ ಮೇಲಿನವನು ತರುವ ಮೌಲ್ಯ ಮಧ್ಯದವರು ಇಡೀ ದಿನ ಕೂತರೂ ಬರುವುದಿಲ್ಲ. ಉತ್ಪಾದಕತೆಯ ಅಂತರ ಎಂದು ವರದಿಗಳು ನಕ್ಷೆ ಬಿಡಿಸಿ ತೋರಿಸುವುದನ್ನು ನಾವು ದಿನಾ ಮೆಟ್ಟಿಲ ಮೇಲೆ ಹತ್ತಿ ಇಳಿಯುತ್ತೇವೆ.

ಇಡೀ ರಾಜ್ಯವೂ ಇದೇ ಕಟ್ಟಡದ ಪ್ಲಾನಿನಲ್ಲಿದೆ. ರಾಜ್ಯದ ಆದಾಯದಲ್ಲಿ ಸುಮಾರು ಮೂರನೇ ಎರಡು ಪಾಲು ಸೇವಾ ವಲಯದ್ದು, ಕೈಗಾರಿಕೆಯದ್ದು ಐದನೇ ಒಂದರ ಹತ್ತಿರ. ಉಳಿದ ಸಣ್ಣ ಪಾಲಿನ ಮೇಲೆ ಅತಿ ಹೆಚ್ಚು ಜನ ಜೋತುಬಿದ್ದಿದ್ದಾರೆ, ಅದು ಬೇಸಾಯ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 175 ತಾಲ್ಲೂಕುಗಳನ್ನು ಒಂದೊಂದಾಗಿ ತೂಗಿ, 114 ಹಿಂದುಳಿದಿವೆ ಎಂದು ಬರೆದುಕೊಟ್ಟಿತು. ಆ ವರದಿಯ ಮೇಲೆ ನಡೆದಷ್ಟು ಚರ್ಚೆ ಆ ತಾಲ್ಲೂಕುಗಳಲ್ಲಿ ಕಾರ್ಖಾನೆಯಾಗಿ ನಡೆದಿದ್ದರೆ ಇವತ್ತು ತಮಗೆ ಹದಿನೆಂಟಲ್ಲ, ಇಪ್ಪತ್ತೆಂಟಾದರೂ ಬರುತ್ತಿತ್ತು.

ಇಂಥ ಅಂತರಕ್ಕೆ ಕಾರಣ ಕೇಳಿದರೆ ತಿಳಿದವರು ನಮ್ಮ ಕಡೆ ಬೆರಳು ತೋರಿಸುತ್ತಾರೆ. ಸಣ್ಣ ಕೈಗಾರಿಕೆಯವರು ಹೊಸತನಕ್ಕೆ ಒಗ್ಗುವುದಿಲ್ಲ, ಹಳೇ ಮೆಷಿನ್ ಬಿಡುವುದಿಲ್ಲ, ಲೆಕ್ಕ ಇಡುವುದಿಲ್ಲ. ಆರೋಪಕ್ಕೆ ಉತ್ತರ ಕೊಡುವ ಮೊದಲು ಉತ್ಪಾದಕತೆಯನ್ನು ಅಳೆಯುವ ಕೋಲು ಯಾವುದು ಎಂದು ತಾವೊಮ್ಮೆ ನೋಡಬೇಕು. ಅಳೆಯುವುದು ಎಷ್ಟು ಬುಷ್ ತಿರುಗಿಸಿದೆ ಎಂದಲ್ಲ, ಒಬ್ಬ ಕೆಲಸಗಾರನಿಂದ ಎಷ್ಟು ರೂಪಾಯಿಯ ಮೌಲ್ಯ ಸೇರಿತು ಎಂದು. ಜಾಬ್ ಕೊಡುವ ದೊಡ್ಡ ಕಂಪನಿ ಪೀಸಿಗೆ ಹತ್ತು ರೂಪಾಯಿ ಇದ್ದದ್ದನ್ನು ಒಂಬತ್ತು ಮಾಡಿದ ದಿನ, ನನ್ನ ಟರ್ನರ್ ಅಷ್ಟೇ ಪೀಸು ಅಷ್ಟೇ ಮೈಕ್ರಾನಿಗೆ ತೆಗೆದಿದ್ದರೂ, ಪುಸ್ತಕದಲ್ಲಿ ಅವನ ಉತ್ಪಾದಕತೆ ಇಳಿಯುತ್ತದೆ. ಕೊಯ್ದುಕೊಂಡ ಆ ಒಂದು ರೂಪಾಯಿ ಕಂಪನಿಯ ಖಾತೆಗೆ ಹೋಗಿ ಅಲ್ಲಿಯ ಉತ್ಪಾದಕತೆಯನ್ನು ಏರಿಸುತ್ತದೆ. ವರ್ಷದ ಕೊನೆಗೆ ಅವರಿಗೆ ಪ್ರಶಸ್ತಿ, ನಮಗೆ ತರಬೇತಿ ಶಿಬಿರ.

ಮೊದಲ ಮಹಡಿಯ ಹೆಣ್ಣುಮಕ್ಕಳ ಕಥೆಯೂ ಬೇರೆಯಲ್ಲ. ಟಾರ್ಗೆಟ್ ಏರಿದಾಗ ಅವರ ಬೆರಳುಗಳು ಇನ್ನಷ್ಟು ವೇಗವಾಗುತ್ತವೆ. ಅಂಗಿಗೆ ಬೆಲೆ ಕಟ್ಟುವವನು ಮಾತ್ರ ಬೇರೆ ಖಂಡದಲ್ಲಿ ಕೂತಿರುತ್ತಾನೆ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಇದಕ್ಕೆ ಪಿಎಚ್‌ಡಿ ಬೇಡ. ಐವತ್ತು ಬುಷ್‌ಗಳ ಆರ್ಡರ್ ಬಂತು ಎಂದಿಟ್ಟುಕೊಳ್ಳಿ. ಒಂದೊಂದಕ್ಕೆ ನಾಲ್ಕು ನಿಮಿಷ, ಒಟ್ಟು 200 ನಿಮಿಷ. ಚಕ್ ಬದಲಿಸಿ, ಟೂಲ್ ಕಟ್ಟಿ, ಸೆಟ್ಟಿಂಗ್ ನೋಡಿ, ಮೊದಲ ಪೀಸು ಪಾಸ್ ಮಾಡಿಸುವುದಕ್ಕೆ 100 ನಿಮಿಷ. ಅಂದರೆ ದುಡಿದ ಹೊತ್ತಿನಲ್ಲಿ ಮೂರನೇ ಒಂದು ಪಾಲು ಒಂದು ಚೂರು ಲೋಹವನ್ನೂ ಕತ್ತರಿಸದೆ ಹೋಯಿತು. ಅದೇ ಬುಷ್ ಐದು ಸಾವಿರ ಬೇಕಾದವನಿಗೆ ಸೆಟ್ಟಿಂಗಿನ ಹೊತ್ತು ಲೆಕ್ಕಕ್ಕೇ ಇಲ್ಲ. ಜಪಾನಿನ ಶಿಗಿಯೊ ಶಿಂಗೊ ಎಂಬ ಎಂಜಿನಿಯರ್ ಈ ರೋಗವನ್ನು ಹಿಡಿದು, ಟೊಯೋಟದಂಥ ಕಾರ್ಖಾನೆಗಳಲ್ಲಿ ಗಂಟೆಗಟ್ಟಲೆ ಹಿಡಿಯುತ್ತಿದ್ದ ಡೈ ಬದಲಾವಣೆಯನ್ನು ಹತ್ತು ನಿಮಿಷದೊಳಗೆ ತಂದ. ಅದಕ್ಕೆ ಬೇಕಾದದ್ದು ಕಂಪ್ಯೂಟರ್ ಅಲ್ಲ. ಮೆಷಿನ್ ನಿಲ್ಲಿಸುವ ಮೊದಲೇ ಮಾಡಬಹುದಾದ ಕೆಲಸ ಯಾವುದು, ನಿಲ್ಲಿಸಿಯೇ ಮಾಡಬೇಕಾದದ್ದು ಯಾವುದು ಎಂದು ಬೇರ್ಪಡಿಸಿ ತೋರಿಸುವ ಒಬ್ಬ ಮನುಷ್ಯ. ಟೊಯೋಟ ಬಿಡದಿಗೆ ಬಂದು ಕಾಲು ಶತಮಾನ ದಾಟಿತು. ಆ ಮನುಷ್ಯ ಬಿಡದಿಯಿಂದ ಕುರುಬರಹಳ್ಳಿಗೆ ಇನ್ನೂ ಬಸ್ಸು ಹತ್ತಿಲ್ಲ.

ಹಾಗಂತ ನಮ್ಮ ಸುತ್ತ ವಿದ್ಯೆಗೆ ಬರ ಎಂದು ತಿಳಿಯಬೇಡಿ. ರಾಜಾಜಿನಗರ ಹುಟ್ಟಿದ್ದೇ ಕೈಗಾರಿಕಾ ಬಡಾವಣೆಯಾಗಿ. 1949ರಲ್ಲಿ, ಆಗ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಕೈಯಿಂದ, ಅವರದೇ ಹೆಸರಿನಲ್ಲಿ. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ ಶುರುವಾದದ್ದೂ ಅದೇ 1949ರಲ್ಲಿ, ಅದರ ಕಚೇರಿ ಇರುವುದು ಇಲ್ಲೇ ವಿಜಯನಗರದಲ್ಲಿ. ಜಾಲಹಳ್ಳಿಯಲ್ಲಿ 1953ಕ್ಕೆ ಎಚ್‌ಎಂಟಿ. ತುಮಕೂರು ರಸ್ತೆಯಲ್ಲಿ 1962ಕ್ಕೆ ಮೆಷಿನ್ ಟೂಲ್ ಸಂಶೋಧನೆಯ ಸಿಎಂಟಿಐ, ಜೆಕೊಸ್ಲೊವಾಕಿಯದ ನೆರವಿನಿಂದ. ಆ ಸಂಸ್ಥೆ ಹೊರತಂದ ಮೆಷಿನ್ ಟೂಲ್ ವಿನ್ಯಾಸದ ಕೈಪಿಡಿಯನ್ನು ಈ ದೇಶದ ಎಷ್ಟೋ ವಿನ್ಯಾಸಕಾರರು ಮೇಜಿನ ಮೇಲಿಟ್ಟುಕೊಂಡೇ ವೃತ್ತಿ ಮುಗಿಸಿದರು. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ 1972ಕ್ಕೆ ಡೆನ್ಮಾರ್ಕಿನ ಸಹಕಾರದಿಂದ ಜಿಟಿಟಿಸಿ ಟೂಲ್ ರೂಮ್. ಅಲ್ಲಿ ಕಲಿತ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಯೋಗ ನಮ್ಮಂಥವರಿಗಿಲ್ಲ, ಅವನು ಕೋರ್ಸ್ ಮುಗಿಸುವ ಮುಂಚೆಯೇ ದೊಡ್ಡವರು ಕೊಂಡೊಯ್ದಿರುತ್ತಾರೆ. ಯಶವಂತಪುರದ ಆಚೆಗೆ 1909ರಿಂದ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಇವೆಲ್ಲ ನಮ್ಮಿಂದ ಒಂದು ಬಿಎಂಟಿಸಿ ಟಿಕೆಟ್ಟಿನ ದೂರ. ವಿದ್ಯೆ ನಮ್ಮ ಪಕ್ಕದ ಮನೆಯಲ್ಲೇ ಇದೆ ಮಾನ್ಯರೇ, ನಡುವೆ ಕಾಂಪೌಂಡ್ ಇದೆ.

ಈ ಕಾಂಪೌಂಡನ್ನು ಯಾರೂ ಹಾರಿಲ್ಲವೆಂದಲ್ಲ. 1979ರಲ್ಲಿ ಮೂವರು ಎಂಜಿನಿಯರುಗಳು ಸೇರಿ ಕಟ್ಟಿದ ಏಸ್ ಡಿಸೈನರ್ಸ್ ಪೀಣ್ಯದಲ್ಲಿ ಬೆಳೆದು, ಸಿಎನ್‌ಸಿ ಲೇತ್‌ಗಳಲ್ಲಿ ದೇಶಕ್ಕೇ ದೊಡ್ಡ ಹೆಸರಾಯಿತು. ಆದರೆ ಹಾರಬಲ್ಲವರು ಹಾರಿದ್ದನ್ನು ತೋರಿಸಿ ಉಳಿದವರಿಗೆ ಹಾರಲು ಬರುವುದಿಲ್ಲ ಎನ್ನುವುದಕ್ಕಿಂತ ಅಲ್ಲೊಂದು ಗೇಟು ಇಡುವುದು ಸುಲಭ.

ಗೇಟಿನ ಬದಲು ನಮಗೆ ಸಿಕ್ಕಿದ್ದು ಜಾತ್ರೆ. ಎರಡು ವರ್ಷಕ್ಕೊಮ್ಮೆ ಮಾದಾವರದ ಬಿಐಇಸಿಯಲ್ಲಿ ಇಮ್ಟೆಕ್ಸ್ ಎಂಬ ಮೆಷಿನ್ ಟೂಲ್ ಪ್ರದರ್ಶನ ನಡೆಯುತ್ತದೆ. ಮೆಟ್ರೋ ಈಗ ಅಲ್ಲಿಯವರೆಗೂ ಹೋಗುವುದರಿಂದ ಭಕ್ತರಿಗೆ ಅನುಕೂಲ. ಐದು ಅಕ್ಷಗಳ ಮೆಷಿನ್ ಗಾಜಿನ ಹಿಂದೆ ತಾನೇ ತಾನಾಗಿ ತಿರುಗುವುದನ್ನು ನೋಡಿ, ರೋಬೋಟಿನ ಜೊತೆ ಫೋಟೋ ತೆಗೆಸಿಕೊಂಡು, ಬ್ರೋಷರ್ ತುಂಬಿದ ಚೀಲ ಹೊತ್ತು ಹಿಂತಿರುಗುತ್ತೇವೆ. ಒಂದು ಸಾಧಾರಣ ಸಿಎನ್‌ಸಿಗೇ ಇಪ್ಪತ್ತು ಲಕ್ಷದ ಹತ್ತಿರ ಬೇಕು. ಅಡಮಾನವಿಲ್ಲದ ಸಾಲಕ್ಕೆ ಸರ್ಕಾರದ ಖಾತರಿ ನಿಧಿ 2000ದಿಂದಲೂ ಇದೆ. ಆದರೂ ಬ್ಯಾಂಕಿನ ಮೇಜಿನಾಚೆಯಿಂದ ಬರುವ ಮೊದಲ ಪ್ರಶ್ನೆ, “ಸೈಟ್ ಏನಾದರೂ ಇದೆಯಾ?” ಇರುವುದು ಹನ್ನೊಂದು ತಿಂಗಳ ಅಗ್ರಿಮೆಂಟು. ಹನ್ನೊಂದು ತಿಂಗಳಿಗೆ ಬಾಡಿಗೆ ಪಡೆದ ಜಾಗದಲ್ಲಿ ಟನ್‌ಗಟ್ಟಲೆ ತೂಕದ ಮೆಷಿನ್ನಿಗೆ ಫೌಂಡೇಶನ್ ಹಾಕುವ ಧೈರ್ಯ ಯಾರಿಗಿದೆ?

ಸೈಟ್ ಇರುವವನಂತೂ ಮೆಷಿನ್ ಇಡುವುದೇ ಇಲ್ಲ. ಬೆಂಗಳೂರಿನಲ್ಲಿ ಅತ್ಯಂತ ಉತ್ಪಾದಕವಾದ ಯಂತ್ರ ನೆಲ. ರಾಜಾ ಮಿಲ್ಲಿನ ಜಾಗದಲ್ಲಿ ಈಗ ಮಂತ್ರಿ ಮಾಲ್ ಇದೆ. ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಜಾಗದಲ್ಲಿ ಒರಾಯನ್ ಮಾಲ್, ಅದರ ಪಕ್ಕ ಆಕಾಶ ಮುಟ್ಟುವ ಕಚೇರಿ ಗೋಪುರ. ಲೇತ್ ತೆಗೆದು ಪಿಜಿ ಮಾಡಿದರೆ ಪ್ರತಿ ತಿಂಗಳು ತಪ್ಪದೆ ದುಡ್ಡು. ರಿಜೆಕ್ಷನ್ ಇಲ್ಲ, ಕೂಲೆಂಟ್ ಬೇಡ, ಟರ್ನರ್ ರಜೆ ಹಾಕುವುದಿಲ್ಲ. ನೆಲ ಸುಮ್ಮನಿದ್ದೇ ಗಳಿಸುವ ಊರಿನಲ್ಲಿ ಕೈ ದುಡಿದು ಗಳಿಸಬೇಕೆನ್ನುವವನು ಹಿಂದುಳಿದದ್ದು ಅವನ ಸೋಮಾರಿತನದಿಂದಲ್ಲ.

ಸರ್ಕಾರ ಸುಮ್ಮನೆ ಕೂತಿದೆ ಎಂದು ದೂರಿದರೆ ನಾಲಿಗೆ ಬಿದ್ದೀತು. ರಾಷ್ಟ್ರೀಯ ಉತ್ಪಾದಕತಾ ಮಂಡಳಿ 1958ರಿಂದಲೂ ಇದೆ, ಪ್ರತಿ ಫೆಬ್ರವರಿ 12ರಿಂದ 18ರವರೆಗೆ ಉತ್ಪಾದಕತಾ ಸಪ್ತಾಹವೂ ಇದೆ. ಉಳಿದ ಐವತ್ತೊಂದು ವಾರ ನಾವು ಮಾಮೂಲಿನಂತಿರಬಹುದು. 2025ರಲ್ಲಿ ಅದೇ ವಾರ ಅರಮನೆ ಮೈದಾನದಲ್ಲಿ ಇನ್ವೆಸ್ಟ್ ಕರ್ನಾಟಕ ನಡೆದು, 10.27 ಲಕ್ಷ ಕೋಟಿ ರೂಪಾಯಿಯ ಹೂಡಿಕೆಯ ಮಾತು ಬಂತೆಂದು ಘೋಷಣೆಯಾಯಿತು. ಮಾತಿಗೆ ಜಿಎಸ್‌ಟಿ ಇಲ್ಲದ್ದು ಒಳ್ಳೆಯದೇ ಆಯಿತು. ದೋಷವಿಲ್ಲದ ಉತ್ಪಾದನೆಗೆ ಝೆಡ್ ಎಂಬ ಪ್ರಮಾಣಪತ್ರವೂ ಇದೆ, ಕಂಚು, ಬೆಳ್ಳಿ, ಚಿನ್ನ ಎಂದು ಮೂರು ದರ್ಜೆಗಳಲ್ಲಿ. ಕಂಚಿನದನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರೆ ಗಣಪತಿ ಫೋಟೋ ಪಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ.

ಹಣದ ವಿಷಯದಲ್ಲೂ ಕಾನೂನಿಗೆ ಕೊರತೆಯಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣವನ ಬಿಲ್ಲನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿಯೂ ಕೊಡಬೇಕು. ದೂರು ಕೊಡಲು 2017ರಿಂದ ಸಮಾಧಾನ್ ಎಂಬ ಪೋರ್ಟಲ್. ಗಡುವಿನೊಳಗೆ ಕೊಡದ ಬಾಕಿಯನ್ನು ಕೊಳ್ಳುವವನು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ ಎಂದು ಆದಾಯ ತೆರಿಗೆ ಕಾನೂನಿಗೂ ಒಂದು ಕೊಂಡಿ ಹಾಕಿದ್ದಾಯಿತು. ಬಹಳ ಒಳ್ಳೆಯ ಕಾನೂನು. ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಕೊಡಲೇಬೇಕು ಎಂಬ ಸಾಲೊಂದು ಮಾತ್ರ ಅದರಲ್ಲಿಲ್ಲ. ಆದ್ದರಿಂದ ನಮ್ಮ ಬೀದಿಯಲ್ಲಿ ಸಮಾಧಾನವನ್ನು ನಾವೇ ಮಾಡಿಕೊಳ್ಳುತ್ತೇವೆ. ದೊಡ್ಡ ಕಂಪನಿಗಳಿಗೆ ಬಡ್ಡಿಯಿಲ್ಲದೆ ಸಾಲ ಕೊಡುವ ಬ್ಯಾಂಕು ಈ ದೇಶದಲ್ಲಿ ಯಾವುದಾದರೂ ಇದ್ದರೆ ಅದು ಸಣ್ಣ ಕೈಗಾರಿಕೆ. ಹೊಸ ಇನ್ಸರ್ಟು, ಹೊಸ ಗೇಜು, ಹುಡುಗನಿಗೆ ತರಬೇತಿ, ಎಲ್ಲವೂ ಆ ಬಾಕಿಯಲ್ಲಿ ಸಿಕ್ಕಿಕೊಂಡಿರುತ್ತವೆ.

ರಸ್ತೆಯ ಮಾತೂ ಬಂದುಬಿಡಲಿ. ಪೀಣ್ಯದ ಮೇಲ್ಸೇತುವೆಯ ಕೇಬಲ್ ತುಕ್ಕು ಹಿಡಿದು 2021ರ ಡಿಸೆಂಬರಿನಲ್ಲಿ ಮುಚ್ಚಿತು. ಸಣ್ಣ ಗಾಡಿಗಳು ಬೇಗ ಹತ್ತಿದವು, ಲಾರಿಗಳು ಹತ್ತಿದ್ದು 2024ರ ಜುಲೈಗೆ. ಏಷ್ಯಾದಲ್ಲೇ ದೊಡ್ಡದೆಂದು ಹೇಳಿಕೊಳ್ಳುವ ಕೈಗಾರಿಕಾ ಪ್ರದೇಶದ ಸರಕು ಎರಡೂವರೆ ವರ್ಷ ಗೊರಗುಂಟೆಪಾಳ್ಯದ ಕೆಳಗೆ ಹಾರ್ನ್ ಹೊಡೆಯುತ್ತ ನಿಂತಿತ್ತು. ಆ ಹೊತ್ತನ್ನು ಯಾವ ಕೆಲಸಗಾರನ ಉತ್ಪಾದಕತೆಯಲ್ಲಿ ಕಳೆದರೋ ವರದಿಯಲ್ಲಿ ಹುಡುಕಬೇಕು. ಅಲ್ಲೇ ಹತ್ತಿರದ ಬಸವೇಶ್ವರ ಬಸ್ ನಿಲ್ದಾಣ ಉದ್ಘಾಟನೆಯಾದ ಮೇಲೂ ವರ್ಷಗಟ್ಟಲೆ ಬಸ್ಸಿಗಾಗಿ ಕಾಯಿತು. ಪ್ರಯಾಣಿಕರು ಬಸ್ಸಿಗೆ ಕಾಯುವುದು ಹಳೆಯದು, ನಿಲ್ದಾಣವೇ ಕಾಯುವುದನ್ನು ನಾವೀನ್ಯತೆಯ ಲೆಕ್ಕಕ್ಕೆ ಸೇರಿಸಬಹುದು. 2017ರ ಅಕ್ಟೋಬರಿನಲ್ಲಿ ನಮ್ಮ ರಾಜಕಾಲುವೆ ಉಕ್ಕಿ ಜೀವಗಳನ್ನೇ ಕೊಂಡೊಯ್ದದ್ದರ ಬಗ್ಗೆ ವ್ಯಂಗ್ಯವಾಡಲು ನನಗೆ ಮನಸ್ಸಿಲ್ಲ. ಸೂಚ್ಯಂಕದ 66 ಸೂಚಕಗಳ ಜೊತೆಗೆ ಚರಂಡಿಯದ್ದೂ ಒಂದಿರಲಿ ಎಂದಷ್ಟೇ ಕೇಳುತ್ತೇನೆ.

ಈಗ ನಮ್ಮ ಮೇಲಿನ ಆರೋಪಕ್ಕೆ ಬರೋಣ. ಲೆಕ್ಕ ಇಡುವುದಿಲ್ಲ ಎಂಬುದು ಸುಳ್ಳಲ್ಲ. ಸ್ಟ್ಯಾನ್‌ಫರ್ಡಿನ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ಮುಂಬೈ ಸುತ್ತಲಿನ ಬಟ್ಟೆ ಕಾರ್ಖಾನೆಗಳಲ್ಲಿ ಒಂದು ಪ್ರಯೋಗ ಮಾಡಿದರು, ಫಲಿತಾಂಶ 2013ರಲ್ಲಿ ಅಚ್ಚಾಯಿತು. ಕೆಲವು ಕಾರ್ಖಾನೆಗಳಿಗೆ ಸಲಹೆಗಾರರನ್ನು ಬಿಟ್ಟಿಯಾಗಿ ಕಳಿಸಿದರು. ಅವರು ಹೇಳಿದ್ದು ರಾಕೆಟ್ ವಿಜ್ಞಾನವಲ್ಲ: ನೆಲ ಗುಡಿಸಿ, ನೂಲಿನ ದಾಸ್ತಾನು ಬರೆದಿಡಿ, ಮೆಷಿನ್ ಕೆಟ್ಟಿದ್ದು ಯಾಕೆಂದು ದಾಖಲಿಸಿ, ಕೆಡುವ ಮುಂಚೆ ಎಣ್ಣೆ ಬಿಡಿ. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇಕಡ 17ರಷ್ಟು ಏರಿತು. ಮೊದಲೇ ಯಾಕೆ ಮಾಡಲಿಲ್ಲ ಎಂದರೆ, ಇದರಿಂದ ಇಷ್ಟು ಲಾಭವಿದೆ ಎಂದು ಮಾಲೀಕರಿಗೆ ಯಾರೂ ಮಾಡಿ ತೋರಿಸಿರಲಿಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಸತ್ಯ ಸಿಕ್ಕಿತು. ಕಾರ್ಖಾನೆ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತಿದ್ದದ್ದು ಮಾಲೀಕನ ಮನೆಯಲ್ಲಿ ಎಷ್ಟು ಗಂಡಸರಿದ್ದಾರೆ ಎಂಬುದು. ಹೊರಗಿನವನನ್ನು ನಂಬಿ ಬೀಗದ ಕೈ ಕೊಡುವುದಿಲ್ಲ. ಕಳ್ಳತನವಾದರೆ ಕೋರ್ಟು ತೀರ್ಪು ಕೊಡುವಷ್ಟರಲ್ಲಿ ಮೊಮ್ಮಕ್ಕಳು ಬಂದಿರುತ್ತಾರೆ. ಮಗಳಿಗೆ ಕೊಡಬಹುದು, ಆದರೆ ಆ ಆಲೋಚನೆ ಮಾತ್ರ ನಮ್ಮವರಿಗೆ ತೀರಾ ಹೊಸತಾಗಿಬಿಡುತ್ತದೆ. ನಮ್ಮ ಬೀದಿಯ ಬೋರ್ಡುಗಳನ್ನು ತಾವು ಓದಿದರೆ ಗೊತ್ತಾಗುತ್ತದೆ, “ಅಂಡ್ ಸನ್ಸ್” ಎಂಬಲ್ಲಿಗೆ ನಮ್ಮ ಬಂಡವಾಳ ಮುಗಿಯುತ್ತದೆ.

ಹಾಗಾದರೆ ಏನಾಗಬೇಕು? ಮುಂದುವರಿದ ದೇಶಗಳ ಕೂಟವಾದ ಒಇಸಿಡಿಯ ಪರಿಣತರು ಕೆಲವು ವರ್ಷಗಳಿಂದ ಹೇಳುತ್ತಿರುವ ಮಾತಿದೆ. ಆ ದೇಶಗಳಲ್ಲೂ ಮುಂಚೂಣಿಯ ಕಂಪನಿಗಳು ಓಡುತ್ತಿವೆ, ಉಳಿದವು ಹಿಂದೆ ಬೀಳುತ್ತಿವೆ. ಹೊಸತು ಹುಟ್ಟುವುದು ನಿಂತಿಲ್ಲ, ಹರಡುವುದು ನಿಂತಿದೆ. ತಮ್ಮ ಸೂಚ್ಯಂಕ ಪೇಟೆಂಟ್ ಎಣಿಸುತ್ತದೆ, ಸ್ಟಾರ್ಟಪ್ ಎಣಿಸುತ್ತದೆ, ಪಿಎಚ್‌ಡಿ ಎಣಿಸುತ್ತದೆ. ಒಂದು ಸಲಹೆ ಸಂಶೋಧನಾಲಯದಿಂದ ಹೊರಟು ಒಬ್ಬ ಟರ್ನರನ ಕೈ ತಲುಪಲು ಎಷ್ಟು ವರ್ಷ ಹಿಡಿಯಿತು ಎಂದು ಎಣಿಸುವುದಿಲ್ಲ. ಅದನ್ನು ಎಣಿಸಿದರೆ ತಮ್ಮ ಆಸನಕ್ಕೇ ಸಂಚಕಾರ ಬಂದೀತು.

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಹುಟ್ಟಿದ್ದೂ 1949ರಲ್ಲಿ, ರಾಜಾಜಿನಗರದ ಓರಗೆಯದು. ಅದರ ಕೆಲಸವೇ ಉದ್ಯಮದವರ ಸಮಸ್ಯೆಯನ್ನು ಪ್ರಯೋಗಾಲಯಕ್ಕೆ ತಂದು ಬಗೆಹರಿಸಿ ಕೊಡುವುದು. ಜಪಾನಿನ ಪ್ರಾಂತಗಳಲ್ಲಿ ಸಣ್ಣ ಕಾರ್ಖಾನೆಯವರಿಗೆಂದೇ ಕೊಸೆತ್ಸುಶಿ ಎಂಬ ಸಾರ್ವಜನಿಕ ಪರೀಕ್ಷಾ ಕೇಂದ್ರಗಳಿವೆ. ಅಲ್ಲಿಗೆ ಪೀಸು ಹಿಡಿದುಕೊಂಡು ಹೋಗಿ “ಇದು ಯಾಕೆ ಸೀಳುತ್ತಿದೆ ನೋಡಿ” ಎನ್ನಬಹುದು.

ಅಷ್ಟು ದೂರವೂ ಹೋಗಬೇಕಿಲ್ಲ. ನಮ್ಮ ರಾಜ್ಯದಲ್ಲೇ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಜಿಕೆವಿಕೆಯ ಕೃಷಿ ಮೇಳಕ್ಕೆ ರೈತ ಕೀಟ ಬಿದ್ದ ಎಲೆಯನ್ನು ತಂದು ವಿಜ್ಞಾನಿಯ ಮೂಗಿನ ಕೆಳಗೆ ಹಿಡಿಯುತ್ತಾನೆ, ವಿಜ್ಞಾನಿ ಉತ್ತರ ಹೇಳಲೇಬೇಕು. ಅದೂ ಪರಿಪೂರ್ಣವಲ್ಲ, ಆದರೆ ಸಂಶೋಧನೆ ಹೊಲದ ತನಕ ನಡೆದು ಹೋಗಬೇಕೆಂಬ ಒಪ್ಪಂದವಾದರೂ ಇದೆ. ಲೇತಿನ ತನಕ ಹೋಗಬೇಕೆಂಬ ಒಪ್ಪಂದ ಇಲ್ಲ. 1978ರಿಂದ ಜಿಲ್ಲಾ ಕೈಗಾರಿಕಾ ಕೇಂದ್ರಗಳಿವೆ. ಅಲ್ಲಿ ಸಹಾಯಧನದ ಅರ್ಜಿ ಸಿಗುತ್ತದೆ, ರನ್ಔಟ್ ಬಂದ ಶಾಫ್ಟ್ ಹಿಡಿದುಕೊಂಡು ಹೋದರೆ ಸೆಕ್ಯುರಿಟಿಯವರೇ ತಡೆಯುತ್ತಾರೆ.

ಆದ್ದರಿಂದ ಮಾನ್ಯ ರ್‍ಯಾಂಕಿನವರೇ, ನಮ್ಮ ಕೋರಿಕೆ ಇಷ್ಟು. ಲೇತ್, ಪ್ರೆಸ್, ಪ್ಲೇಟಿಂಗ್, ಗಾರ್ಮೆಂಟ್ಸ್ ದಟ್ಟವಾಗಿರುವ ಕುರುಬರಹಳ್ಳಿ, ಲಗ್ಗೆರೆ, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಯಂಥ ಕಡೆಗಳಲ್ಲಿ ರೈತ ಸಂಪರ್ಕ ಕೇಂದ್ರದ ಮಾದರಿಯಲ್ಲೇ ಕೈಗಾರಿಕಾ ಸಂಪರ್ಕ ಕೇಂದ್ರ ತೆರೆಯಿರಿ. ಅಲ್ಲಿ ಅಳತೆಯ ಒಂದು ಒಳ್ಳೆಯ ಮೆಷಿನ್, ಗಂಟೆಗೆ ಬಾಡಿಗೆಗೆ ಸಿಗುವ ಒಂದು ಸಿಎನ್‌ಸಿ ಇರಲಿ. ಸಿಎಂಟಿಐ, ಜಿಟಿಟಿಸಿಯಿಂದ ವಾರಕ್ಕೊಮ್ಮೆ ಒಬ್ಬ ಎಂಜಿನಿಯರ್ ಬರಲಿ, ಪಿಪಿಟಿ ಇಲ್ಲದೆ, ಕೈಯಲ್ಲಿ ಡಯಲ್ ಗೇಜ್ ಹಿಡಿದು. ಸರ್ಕಾರದ ರಿಯಾಯಿತಿ ಪಡೆಯುವ ಪ್ರತಿ ದೊಡ್ಡ ಕಂಪನಿ ತನಗೆ ಜಾಬ್ ಮಾಡಿಕೊಡುವವರಿಗೆ 45 ದಿನದೊಳಗೆ ಹಣ ಕೊಟ್ಟ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಲಿ, ಕೊಡದಿದ್ದರೆ ರಿಯಾಯಿತಿ ನಿಲ್ಲಲಿ. ಅದರಿಂದ ದೂರುವವನ ಹೆಸರು ಬಯಲಾಗುವುದಿಲ್ಲ, ಕೊಡದವನ ಹೆಸರು ಬಯಲಾಗುತ್ತದೆ. ಮುಂದಿನ ಸೂಚ್ಯಂಕದಲ್ಲಿ 67ನೇ ಸೂಚಕವಾಗಿ, ಹಿಂದಿನ ವರ್ಷ ಹುಟ್ಟಿದ ನಾವೀನ್ಯತೆ ಎಷ್ಟು ಬೀದಿ ದಾಟಿತು ಎಂಬುದನ್ನು ಸೇರಿಸಿ.

ಇದನ್ನು ಓದುತ್ತಿರುವ ದೊಡ್ಡ ಕಂಪನಿಯ ಪರ್ಚೇಸ್ ಮ್ಯಾನೇಜರ್‌ಗಳಲ್ಲೂ ಒಂದು ಮಾತು. ಉತ್ಪಾದಕತೆಯ ಅಂತರ ಕಡಿಮೆ ಮಾಡಲು ಹೊಸ ನೀತಿ ಬರುವ ತನಕ ಕಾಯಬೇಕಿಲ್ಲ. ತಮ್ಮ ಮೇಜಿನ ಮೇಲಿರುವ ಹಳೇ ಬಿಲ್ಲುಗಳನ್ನು ಇವತ್ತೇ ಪಾಸ್ ಮಾಡಿ.

ಇತಿ ತಮ್ಮ ವಿಶ್ವಾಸಿ,
ಲೇತ್ ಅಂಗಡಿಯವನು, ಕುರುಬರಹಳ್ಳಿ.

ಪ್ರತಿ: ಎರಡನೇ ರ್‍ಯಾಂಕಿನವರಿಗೆ, ಮಾಹಿತಿಗಾಗಿ. ತಾವೂ ಸಿದ್ಧರಾಗಿರುವುದು ಒಳ್ಳೆಯದು.